ಜೀಪಿನ ಪ್ಲಗ್ ವೈರು, ಪಾಯಿಂಟು, ಟೈಮಿಂಗು: ಒಂದಿನದ ಕೆಲ್ಸ ಹದಿನೈದು ದಿನ ಎಳೆದಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಸಕಲೇಶಪುರದ ಹತ್ರ ಆರು ಎಕರೆ ಕಾಫಿ, ನಡುವೆ ಒಂದಿಷ್ಟು ಮೆಣಸು, ಮತ್ತೆ ಅಪ್ಪ ಬಿಟ್ಟು ಹೋದ ಮಹೀಂದ್ರಾ ಸಿಜೆ 3ಬಿ ಜೀಪು, 1972ರದ್ದು, ಇವತ್ತಿಗೂ ಪೆಟ್ರೋಲ್ ಎಂಜಿನ್ನೇ ಇದೆ. ನಮ್ ಕಡೆ ಇಂಥ ಜೀಪು ಇಟ್ಕೊಂಡಿದ್ದೋರೆಲ್ಲ ಯಾವಾಗ್ಲೋ ಡೀಸೆಲ್ ಎಂಜಿನ್ ಕೂರಿಸ್ಕೊಂಡಾಯ್ತು, ಅಪ್ಪ ಒಬ್ರು ಮಾತ್ರ ಜಪ್ಪಯ್ಯ ಅಂದ್ರೂ ಒಪ್ಲಿಲ್ಲ. 2199 ಸಿಸಿ ಹರಿಕೇನ್ ಎಂಜಿನ್ನು, ಅದರ ಎತ್ತರಕ್ಕೆ ಅಂತಾನೇ ಈ ಮಾಡೆಲ್ಲಿನ ಬಾನೆಟ್ಟು ಅಷ್ಟು ಮೇಲಕ್ಕೆ ಎದ್ದಿರೋದು. ಮೈಲೇಜ್ ಕೇಳ್ಬೇಡಿ. ಗೊಬ್ಬರ, ಕಾಫಿ ಚೀಲ, ಸೌದೆ, ಟ್ರೈಲರ್ ಎಳೆಯೋದು, ಎಲ್ಲದಕ್ಕೂ ಇದೇ ನಮ್ಮ ಲಾರಿ.

ಜೂನ್ ಮೊದಲನೇ ವಾರ ಮಳೆ ಹಿಡಿದಿದ್ದೇ ತಡ ಶುರುವಾಯ್ತು ಇದರ ತಕರಾರು. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಆದ್ರೂ ಮೂರು ಸಿಲಿಂಡರ್ ಸದ್ದು, ಏರಲ್ಲಿ ಮೂರನೇ ಗೇರಿಗೆ ಹಾಕಿದ್ರೆ ಗೊರಗೊರ ಅಂತ ಕೆಮ್ಮಿ ಜೆರ್ಕ್ ಹೊಡೆಯೋದು, ಮಧ್ಯಾಹ್ನ ಬಿಸಿಲು ಬಂದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡೋದು.

ಮೊದಲು ದಂಡ ಮಾಡಿದ ದುಡ್ಡು

ಪಿಕಪ್ ಇಲ್ಲ, ಕೆಮ್ಮುತ್ತೆ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, ಕಾರ್ಬೊರೇಟರ್ ಕಟ್ಟಿದೆ ಅಂತ. ನಾನೂ ನಂಬ್ದೆ. ಬಿಚ್ಚಿಸಿ, ತೊಳೆಸಿ, ಕಿಟ್ ಹಾಕ್ಸಿ, ಕೂಲಿ ಸೇರಿ 1,400 ರೂಪಾಯಿ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಕೆಮ್ಮು. ಒದ್ದೆ ಇದ್ದಾಗ ಮಾತ್ರ ಬರೋ ಕಾಯಿಲೆ, ಒಣಗಿದ್ರೆ ಹೋಗೋ ಕಾಯಿಲೆ, ಅದು ಪೆಟ್ರೋಲಿಂದಲ್ಲ ಕರೆಂಟಿಂದು ಅಂತ ಆಗ್ಲೇ ತಲೆಗೆ ಹೋಗ್ಬೇಕಿತ್ತು, ಹೋಗ್ಲಿಲ್ಲ.

1. ಜೂನ್ 14, ಶನಿವಾರ ರಾತ್ರಿ: ಕತ್ತಲಲ್ಲಿ ನೋಡಿದ್ದು

ಶೆಡ್ಡಿನ ಲೈಟು ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಐಡ್ಲಿಂಗಲ್ಲಿ ಬಿಟ್ಟು, ಹೂವಿನ ಗಿಡಕ್ಕೆ ನೀರು ಚಿಮುಕಿಸೋ ಸ್ಪ್ರೇ ಬಾಟ್ಲಿ ತಗೊಂಡು ಪ್ಲಗ್ ವೈರುಗಳ ಮೇಲೆ ಇಬ್ಬನಿ ಥರ ಹೊಡೆದೆ. ಅಬ್ಬಾ, ದೀಪಾವಳಿ. ಮೂರನೇ ವೈರು ಮ್ಯಾನಿಫೋಲ್ಡ್ ಹತ್ರ ಬಗ್ಗೋ ಜಾಗದಲ್ಲಿ ನೀಲಿ ಕಿಡಿ ಚಟಪಟ ಅಂತ ಹಾರ್ತಿದೆ, ಕಿಡಿಗೆ ಬೇಕಾದ ಜೋರು ಕರೆಂಟ್ ಮಾಡೋ ಕಾಯಿಲಿಂದ ಡೆಲ್ಕೋಗೆ ಬರೋ ದಪ್ಪ ವೈರಿನ ಸುತ್ತ ಸಣ್ಣ ನೀಲಿ ಬಳ್ಳಿ ಹರಿದಾಡ್ತಿದೆ. ಆ ಕರೆಂಟನ್ನ ಸರದಿ ಪ್ರಕಾರ ಒಂದೊಂದು ಪ್ಲಗ್ಗಿಗೆ ಹಂಚೋ ಡಿಸ್ಟ್ರಿಬ್ಯೂಟರ್ ಅಂದ್ರೆ ನಮ್ ಕಡೆ ಯಾರಿಗೂ ಗೊತ್ತಾಗಲ್ಲ, ಡೆಲ್ಕೋ ಅನ್ನೋದೇ ರೂಢಿ, ಇಲ್ಲೂ ಹಾಗೇ ಬರೀತೀನಿ. ಮನೆಯವ್ಳು ಬಾಗ್ಲಲ್ಲಿ ನಿಂತು ನೋಡಿ ಇದಕ್ಕಾ ನೀವು ಕಾರ್ಬೊರೇಟರಿಗೆ ದುಡ್ಡು ಸುರಿದಿದ್ದು ಅಂದ್ಳು, ನಾನು ಉತ್ರ ಕೊಡ್ಲಿಲ್ಲ.

ಎಂಜಿನ್ ಆಫ್ ಮಾಡಿ ವೈರುಗಳನ್ನ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಇವು ಹಳೇ ಕಾಲದ ತಾಮ್ರದ ಎಳೆ ಇರೋ ವೈರು, ರೆಸಿಸ್ಟೆನ್ಸ್ ಹತ್ರಹತ್ರ ಸೊನ್ನೆ ತೋರಿಸ್ಬೇಕು. ಒಂದು ಮತ್ತು ಎರಡು ಸರಿ ಇತ್ತು. ಮೂರನೇದು ಒಂದ್ಸಲ ತೋರಿಸುತ್ತೆ ಒಂದ್ಸಲ ಇಲ್ಲ, ತುದಿ ಸುಲಿದು ನೋಡಿದ್ರೆ ಒಳಗಿನ ತಾಮ್ರ ಹಸಿರು ಪುಡಿ ಆಗಿದೆ. ನಾಲ್ಕನೇದು ಮೀಟರಲ್ಲಿ ಸರಿ, ಆದ್ರೆ ಇಲಿ ಎರಡು ಕಡೆ ರಬ್ಬರ್ ತಿಂದಿದೆ. ಪ್ಲಗ್ ತೆಗೆದ್ರೆ ಮೂರನೇದು ಮಸಿ ಮೆತ್ತಿದ ಹಾಗೆ ಕಪ್ಪು, ಬಾಕಿ ಮೂರು ಕಾಫಿ ಪುಡಿ ಬಣ್ಣ. ಕಾಯಿಲ್ ಪ್ರೈಮರಿ 3.2 ಓಮ್ ಬಂತು, 12 ವೋಲ್ಟ್ ಕಾಯಿಲಿಗೆ ಅದು ಸರಿ, ಹಾಗಾಗಿ ಕಾಯಿಲ್ ಮುಟ್ಲಿಲ್ಲ.

ಇಲ್ಲೇ ಒಂದನೇ ತಪ್ಪು. ಐದೂ ವೈರು ಒಟ್ಟಿಗೆ ಕಿತ್ತು ಹಾಕ್ಬಿಟ್ಟೆ. ಫೋನಲ್ಲಿ ಫೋಟೋ ತೆಗ್ದಿದೀನಲ್ಲ ಅನ್ನೋ ಧೈರ್ಯ, ಆಮೇಲೆ ನೋಡಿದ್ರೆ ಕತ್ತಲಲ್ಲಿ ಕೈ ಅಲ್ಲಾಡಿ ಫೋಟೋದಲ್ಲಿ ಬರೀ ಕಪ್ಪು ಹಾವುಗಳು.

2. ಜೂನ್ 15, ಭಾನುವಾರ: ಹಾಸನದಿಂದ ತಂದ ಸಾಮಾನು

ಹಾಸನದ ಅಂಗಡಿಯಲ್ಲಿ ತಾಮ್ರದ ಎಳೆ ವೈರು ಕೇಳಿದ್ರೆ ಈಗ ಯಾರ್ ಸ್ವಾಮಿ ಅದನ್ನ ಕೇಳ್ತಾರೆ ಅಂದು ಯಾವ್ದೋ ಕಾರಿನ ರೆಡಿಮೇಡ್ ಸೆಟ್ ಕೊಟ್ರು, 780 ರೂಪಾಯಿ, ಒಳಗೆ ಕಾರ್ಬನ್ ನೂಲು ಇರೋದು. ಉದ್ದ ಇದ್ರೆ ಕತ್ತರಿಸ್ಕೊಳ್ಳಿ ಅಂದ್ರು. ಸರಿ ಅಂತ ತಗೊಂಡೆ. ಅದು ಎಷ್ಟು ದೊಡ್ಡ ತಪ್ಪು ಅಂತ ಮುಂದೆ ಬರುತ್ತೆ.

ಪ್ಲಗ್ಗೂ ಅಲ್ಲೇ ತಗೊಂಡಿದ್ದೆ. ಮನೆಗೆ ಬಂದು ಹಾಕೋಕೆ ಮುಂಚೆ ಸುಮ್ನೆ ಹಳೇದರ ಪಕ್ಕ ಹಿಡಿದು ನೋಡಿದೆ, ಮರೆ (ಥ್ರೆಡ್ಡು) ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ ಅನ್ನಿಸ್ತು, ಸ್ಕೇಲ್ ಇಟ್ರೆ ಹಳೇದು ಒಂಬತ್ತೂವರೆ ಮಿಲಿಮೀಟರ್, ಹೊಸದು ಹನ್ನೆರಡೂ ಮುಕ್ಕಾಲು. ಎರಡರದ್ದೂ ಮರೆ 14 ಮಿಮೀ ದಪ್ಪವೇ, ತಿರುಗಿಸಿದ್ರೆ ಆರಾಮಾಗಿ ಹೋಗ್ತಿತ್ತು, ಆದ್ರೆ ಮೂರು ಮಿಲಿಮೀಟರ್ ಒಳಗಡೆ ಇಣುಕಿ ನಿಲ್ತಿತ್ತು. ಆ ಬರೀ ಮರೆ ಮೇಲೆ ಮಸಿ ಕೂತು ಮುಂದಿನ ಸಲ ಬಿಚ್ಚುವಾಗ ಹೆಡ್ಡಿನ ಮರೆಯನ್ನೇ ಕಿತ್ಕೊಂಡು ಬರೋದು, ಗ್ರಹಚಾರ ಕೆಟ್ರೆ ಒಳಗೆ ವಾಲ್ವಿಗೋ ಪಿಸ್ಟನ್ನಿಗೋ ತಾಗೋದು. ಮಾರನೇ ದಿನ ಹಾಸನಕ್ಕೆ ಹೋಗೋರ ಕೈಲಿ ಕೊಟ್ಟು ಚಾಂಪಿಯನ್ ಜೆ8ಸಿ ತರಿಸಿದೆ, ನಾಲ್ಕಕ್ಕೆ 760. ಅಂಗಡಿಯವ್ರು ಮೊದ್ಲು ಕೊಟ್ಟಿದ್ದನ್ನ ವಾಪಸ್ ತಗೊಂಡ್ರು, ಅದು ಅವ್ರ ದೊಡ್ತನ.

3. ಜೂನ್ 17, ಸಂಜೆ: ಎರಡು ಸಿಲಿಂಡರಿನ ಜೀಪು

ಪ್ಲಗ್ ಗ್ಯಾಪ್ 30 ಥೌ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದ್ರೆ ಮುಕ್ಕಾಲು ಮಿಲಿಮೀಟರ್. ಪೇಟೆಯಲ್ಲಿ ಹ್ಯಾಕ್ಸಾ ಬ್ಲೇಡ್ ತುಂಡು ತೂರಿಸಿ ಗ್ಯಾಪ್ ನೋಡ್ತಾರೆ, ನನ್ ಹತ್ರ ಇದ್ದ ಬ್ಲೇಡ್ ಅಳೆದ್ರೆ 25 ಥೌ ಬಂತು, ಕೆಲ್ಸ ನಡೆಯುತ್ತೆ ಆದ್ರೆ ಇದಕ್ಕೆ ಕಮ್ಮಿ. ಫೀಲರ್ ಗೇಜ್ ಇದ್ರೆ ಅದನ್ನೇ ಬಳಸಿ. ಪ್ಲಗ್ಗನ್ನ ಬೆರಳಲ್ಲಿ ಕೊನೇವರೆಗೂ ತಿರುಗಿಸಿ ಆಮೇಲೆ 21ರ ಪ್ಲಗ್ ಸ್ಪ್ಯಾನರಲ್ಲಿ ಅರ್ಧ ಸುತ್ತು, ಅಷ್ಟೇ, ಹೊಸ ವಾಷರ್ ಚಪ್ಪಟೆ ಆಗೋಷ್ಟು.

ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳಿಗೆ ಕಿಡಿ ಬರೋ ಸರದಿ, 1-3-4-2, ಇದು ಅಪ್ಪ ಬಾನೆಟ್ ಒಳಗೆ ಬಿಳಿ ಬಣ್ಣದಲ್ಲೇ ಬರೆದಿಟ್ಟಿದ್ರು. ರೇಡಿಯೇಟರ್ ಕಡೇದು ಒಂದು. ಡೆಲ್ಕೋ ಕ್ಯಾಪಲ್ಲಿ ಒಂದನೇದರ ಜಾಗ ನೆನಪಿತ್ತು, ಅಲ್ಲಿಂದ ಗಡಿಯಾರ ತಿರುಗೋ ಹಾಗೆ 1, 3, 4, 2 ಅಂತ ಸಿಕ್ಕಿಸ್ಕೊಂಡು ಹೋದೆ. ಸ್ಟಾರ್ಟ್ ಆಯ್ತು! ಆದ್ರೆ ಆ ಸದ್ದು ಇದೆಯಲ್ಲ, ಟ್ರ್ಯಾಕ್ಟರ್ ಸಾಯೋವಾಗ ಬರೋ ಸದ್ದು, ಇಡೀ ಜೀಪು ಗಡಗಡ ನಡುಗ್ತಾ ಕಾರ್ಬೊರೇಟರ್ ಬಾಯಿಂದ ಪಟ್ ಪಟ್ ಅಂತ ಬೆಂಕಿ ಉಗುಳ್ತಿದೆ, ಕೋಳಿಗಳೆಲ್ಲ ಚದುರಿ ಓಡಿದ್ವು. ಒಂದೊಂದೇ ವೈರಿನ ಕ್ಯಾಪನ್ನ ಮರದ ಹಿಡಿ ಇಕ್ಕಳದಲ್ಲಿ ಎತ್ತಿ ನೋಡಿದ್ರೆ ಒಂದು ಮತ್ತು ನಾಲ್ಕು ಮಾತ್ರ ಕೆಲ್ಸ ಮಾಡ್ತಿದೆ, ಎರಡು ಮೂರು ಎತ್ತಿದ್ರೂ ಅದೇ, ಇಟ್ರೂ ಅದೇ.

ಕತ್ತಲಾಯ್ತು, ಬಿಟ್ಟು ಮಲಗಿದೆ. ಮಲಗಿದ್ಮೇಲೆ ಹೊಳೀತು, ಡೆಲ್ಕೋ ಒಳಗೆ ತಿರುಗ್ತಾ ಕರೆಂಟ್ ಹಂಚೋ ರೋಟರ್ ಯಾವ ಕಡೆ ತಿರುಗುತ್ತೆ ಅಂತ ನಾನು ನೋಡೇ ಇಲ್ವಲ್ಲ ಅಂತ. ಬೆಳಿಗ್ಗೆ ಕ್ಯಾಪ್ ತೆಗೆದು, ಎಂಜಿನ್ ತಿರುಗಿಸೋ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದೆ, ರೋಟರ್ ಗಡಿಯಾರಕ್ಕೆ ಉಲ್ಟಾ ತಿರುಗುತ್ತೆ. ನಾಲ್ಕು ಸಿಲಿಂಡರಲ್ಲಿ ಆರ್ಡರನ್ನ ಉಲ್ಟಾ ದಿಕ್ಕಲ್ಲಿ ಹಾಕಿದ್ರೆ ಒಂದೂ ನಾಲ್ಕೂ ಸರಿಯಾದ ಜಾಗದಲ್ಲೇ ಬೀಳುತ್ತೆ, ಮೂರೂ ಎರಡೂ ಮಾತ್ರ ಅದಲುಬದಲು. ಅದಕ್ಕೇ ಸ್ಟಾರ್ಟ್ ಆಗಿದ್ದು, ಅದಕ್ಕೇ ಮೋಸ ಹೋಗಿದ್ದು. ಎರಡು ವೈರು ಬದಲಾಯಿಸಿದೆ, ನಾಲ್ಕೂ ಸಿಲಿಂಡರ್ ಹತ್ಕೊಂಡ್ತು, ಎರಡು ನಿಮಿಷದ ಕೆಲ್ಸ.

4. ಜೂನ್ 19: ಹನ್ನೆರಡು ಕಿಲೋಮೀಟರ್ ಆಮೇಲೆ

ಖುಷಿಯಾಗಿ ಪೇಟೆಗೆ ಹೊರಟೆ. ಹನ್ನೆರಡು ಕಿಲೋಮೀಟರ್ ರೇಷ್ಮೆ ಥರ ಓಡಿ ಹದಿಮೂರನೇದಕ್ಕೆ ಮತ್ತೆ ಕೆಮ್ಮು. ಮಳೆನೂ ಇರ್ಲಿಲ್ಲ ಅವತ್ತು. ಹೆಂಗೋ ಮನೆ ಸೇರ್ಸಿ ಕ್ಯಾಪ್ ತೆಗೆದೆ.

ಇದರ ಡೆಲ್ಕೋ ಕ್ಯಾಪಲ್ಲಿ ವೈರು ಮೇಲಿಂದ ಒತ್ತೋದಲ್ಲ, ಪಕ್ಕದಿಂದ ತೂತಿಗೆ ತೂರಿಸಿ, ಕ್ಯಾಪಿನ ಒಳಗಿಂದ ಚೂಪು ಸ್ಕ್ರೂ ತಿರುಗಿಸಿದ್ರೆ ಅದು ರಬ್ಬರ್ ಚುಚ್ಕೊಂಡು ಒಳಗಿನ ತಾಮ್ರಕ್ಕೆ ಕಚ್ಚುತ್ತೆ. ಈ ವ್ಯವಸ್ಥೆ ಮಾಡಿರೋದೇ ತಾಮ್ರದ ಎಳೆಗೆ. ನಾನು ಹಾಕಿದ್ದು ಕಾರ್ಬನ್ ನೂಲು, ಸ್ಕ್ರೂ ಅದನ್ನ ಕಚ್ಚೋದಿಲ್ಲ, ಪಕ್ಕಕ್ಕೆ ಸರಿಸುತ್ತೆ ಇಲ್ಲ ಹರಿಯುತ್ತೆ, ಅಲ್ಲಿ ಕಿಡಿ ಹಾರಿ ಹಾರಿ ಸುಟ್ಟು ಗ್ಯಾಪ್ ದೊಡ್ಡದಾಗುತ್ತೆ. ಮೂರು ವೈರಿನ ತುದಿ ಸುಟ್ಟು ಕರ್ರಗಾಗಿತ್ತು. 780 ರೂಪಾಯಿ ನೀರಲ್ಲಿ ಹೋಮ. ಅಂಗಡಿಯವ್ರದ್ದು ತಪ್ಪಲ್ಲ, ಕ್ಯಾಪ್ ಯಾವ ಥರದ್ದು ಅಂತ ಅವ್ರಿಗೆ ನಾನು ಹೇಳಿರ್ಲಿಲ್ಲ.

ಅದೇ ಬೆಳಕಲ್ಲಿ ಕ್ಯಾಪಿನ ಒಳಗೆ ಇನ್ನೊಂದು ಕಾಣಿಸ್ತು, ಎರಡು ಪಿನ್ನಿನ ನಡುವೆ ಪೆನ್ಸಿಲಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ. ಬಟ್ಟೇಲಿ ಒರೆಸಿದ್ರೆ ಹೋಗಲ್ಲ. ಕರೆಂಟು ದಾರಿ ಮಾಡ್ಕೊಂಡಿದೆ ಅಂತ ಅರ್ಥ, ಸ್ವಲ್ಪ ತೇವ ಆದ್ರೆ ಅದರ ಮೇಲೇ ಓಡುತ್ತೆ. ಹಾಗಾಗಿ ಕ್ಯಾಪೂ ಹೋಯ್ತು.

ಬೆಂಗ್ಳೂರಲ್ಲಿರೋ ಭಾವಮೈದನಿಗೆ ಹೇಳಿ ಜೆಸಿ ರಸ್ತೆಯಿಂದ ತರಿಸಿದ್ದು: ತಾಮ್ರದ ಎಳೆ 7 ಮಿಮೀ ವೈರು 3 ಮೀಟರ್, ಮೀಟರಿಗೆ 130, ಡೆಲ್ಕೋ ಕ್ಯಾಪ್ 420, ರೋಟರ್ 110, ಪಾಯಿಂಟ್ ಸೆಟ್ (ಡೆಲ್ಕೋ ಒಳಗೆ ತೆರೆದು ಮುಚ್ಚಿ ಕಾಯಿಲಿನ ಕರೆಂಟ್ ಕಡಿಯೋ ಸಣ್ಣ ಸ್ವಿಚ್ಚು) 180, ಕಂಡೆನ್ಸರ್ 120, ಮತ್ತೆ ಬೈಕಿಗೆ ಹಾಕೋ ತಿರುಗಿಸೋ ಥರದ ಪ್ಲಗ್ ಕ್ಯಾಪ್ ನಾಲ್ಕು, ಒಂದಕ್ಕೆ 70. ಬೈಕ್ ಕ್ಯಾಪ್ ಹಾಕಿದ್ದು ನನ್ನದೇ ತಲೆ, ಅದರೊಳಗಿನ ಸ್ಕ್ರೂ ತಾಮ್ರಕ್ಕೆ ಗಟ್ಟಿ ಕೂರುತ್ತೆ, ರಬ್ಬರ್ ಮೂತಿ ಇರೋದ್ರಿಂದ ನೀರೂ ಇಳಿಯಲ್ಲ.

5. ಜೂನ್ 21, ಶನಿವಾರ: ಸರಿಯಾದ ವೈರು

ಈ ಸಲ ಬುದ್ಧಿ ಬಂದಿತ್ತು. ಹಳೇದನ್ನ ಒಂದು ಬಿಚ್ಚೋದು, ಅದರ ಪಕ್ಕ ಹೊಸದನ್ನ ಇಟ್ಟು ಅಳೆಯೋದು, ಕತ್ತರಿಸೋದು, ಹಾಕೋದು, ಆಮೇಲೆ ಮುಂದಿಂದು. ನನ್ನ ಅಳತೆ ಬರೆದಿಡ್ತೀನಿ, ಒಂದನೇದು 45 ಸೆಂಮೀ, ಎರಡನೇದು 40, ಮೂರು 50, ನಾಲ್ಕು 60, ಕಾಯಿಲ್ ವೈರು 35. ನಿಮ್ಮ ಜೀಪಲ್ಲಿ ಕಾಯಿಲ್ ಬೇರೆ ಕಡೆ ಇರ್ಬಹುದು, ಅಳೆದೇ ಕತ್ತರಿಸಿ. ತುದಿ ಓರೆ ಆಗದ ಹಾಗೆ ಹೊಸ ಬ್ಲೇಡಲ್ಲಿ ನೇರ ಕತ್ತರಿಸ್ಬೇಕು, ಕ್ಯಾಪಿನ ತೂತಿಗೆ ಪೂರ್ತಿ ತಳ ಮುಟ್ಟೋ ತನಕ ತಳ್ಳಿ ಆಮೇಲೆ ಸ್ಕ್ರೂ ಬಿಗಿ ಮಾಡ್ಬೇಕು, ಮಾಡಿದ್ಮೇಲೆ ವೈರು ಎಳೆದು ನೋಡ್ಬೇಕು. ತೂತಿನ ಬಾಯಿಗೆ ಸ್ವಲ್ಪ ಸಿಲಿಕಾನ್ ಗ್ರೀಸ್. ಮ್ಯಾನಿಫೋಲ್ಡ್ ಹತ್ರ ಹೋಗೋ ಮೂರನೇ ವೈರಿಗೆ ಒಂದು ಕ್ಲಿಪ್ ಹಾಕಿ ಎರಡು ಇಂಚು ದೂರ ಕಟ್ಟಿದೆ.

ಐದೂ ವೈರು ಮೀಟರಲ್ಲಿ ಸೊನ್ನೆ, ಪ್ಲಗ್ ಕ್ಯಾಪ್ ಸೇರಿದ್ರೆ 5 ಕಿಲೋ ಓಮ್ ಚಿಲ್ಲರೆ. ಕತ್ತಲಲ್ಲಿ ಸ್ಪ್ರೇ ಹೊಡೆದೆ. ಏನೂ ಇಲ್ಲ. ಇಲ್ಲಿಗೇ ನಿಲ್ಲಿಸಿದ್ರೆ ಆಗ್ತಿತ್ತು, ಆದ್ರೆ ಹೊಸ ಪಾಯಿಂಟು ತಂದಿದೀನಲ್ಲ.

6. ಜೂನ್ 22, ಭಾನುವಾರ: ಪಾಯಿಂಟು, ಮತ್ತೆ ಎರಡು ತಪ್ಪು

ಹಳೇ ಪಾಯಿಂಟಲ್ಲಿ ಒಂದು ಕಡೆ ಗುಡ್ಡ ಇನ್ನೊಂದು ಕಡೆ ಗುಂಡಿ ಆಗಿತ್ತು. ಬಿಚ್ಚಿ ಹೊಸದು ಹಾಕ್ದೆ, ಕಂಡೆನ್ಸರ್ ಹಾಕ್ದೆ, ಕೀ ತಿರುಗಿಸ್ದೆ. ಸತ್ತು ಹೋಗಿದೆ. ಒಂದು ಕಿಡಿ ಇಲ್ಲ. ಎರಡು ಗಂಟೆ ಕಾಯಿಲ್ ಬಿಚ್ಚೋದು, ಕೀ ಸ್ವಿಚ್ ನೋಡೋದು, ಫ್ಯೂಸ್ ನೋಡೋದು. ಕೊನೆಗೆ 12 ವೋಲ್ಟ್ ಬಲ್ಬಿಗೆ ಎರಡು ವೈರು ಕಟ್ಟಿ ಒಂದನ್ನ ಡೆಲ್ಕೋ ಪಕ್ಕದ ಟರ್ಮಿನಲ್ಲಿಗೆ, ಇನ್ನೊಂದನ್ನ ಬಾಡಿಗೆ ಹಿಡಿದೆ. ಪಾಯಿಂಟ್ ತೆರೆದಾಗ ಬಲ್ಬ್ ಹತ್ಬೇಕು, ಮುಚ್ಚಿದಾಗ ಆರ್ಬೇಕು. ನಂದು ಹತ್ತೋದೇ ಇಲ್ಲ. ಅಂದ್ರೆ ಪಾಯಿಂಟ್ ತೆರೆದಿದ್ರೂ ಎಲ್ಲೋ ಬಾಡಿಗೆ ತಾಗಿದೆ.

ಪಾಯಿಂಟಿನ ಸಣ್ಣ ಗೂಟದ ಮೇಲೆ ಎರಡು ಪುಟಾಣಿ ಫೈಬರ್ ವಾಷರ್ ಬರುತ್ತೆ. ಕಾಯಿಲಿನ ವೈರಿನ ತುದಿ, ಕಂಡೆನ್ಸರಿನ ತುದಿ, ಪಾಯಿಂಟಿನ ಸ್ಪ್ರಿಂಗು, ಮೂರೂ ಒಂದಕ್ಕೊಂದು ತಾಗ್ಬೇಕು, ಆದ್ರೆ ಯಾವುದೂ ಗೂಟಕ್ಕಾಗ್ಲಿ ನಟ್ಟಿಗಾಗ್ಲಿ ತಾಗ್ಬಾರ್ದು. ನಾನು ಕಂಡೆನ್ಸರ್ ತುದಿಯನ್ನ ಮೇಲಿನ ವಾಷರಿನ ಮೇಲೆ, ನಟ್ಟಿನ ಕೆಳಗೆ ಇಟ್ಟಿದ್ದೆ. ಅಷ್ಟೇ. ಒಂದು ವಾಷರ್ ಅಷ್ಟರ ತಪ್ಪಿಗೆ ಎರಡು ಗಂಟೆ ಮತ್ತೆ ಒಂದು ಊಟ ಹೋಯ್ತು.

ಗ್ಯಾಪಿನದ್ದು ಇನ್ನೂ ಮಜಾ. ಜೀಪಿನ ಮ್ಯಾನುಯಲ್ಲಲ್ಲಿ ಪಾಯಿಂಟ್ ಗ್ಯಾಪ್ 20 ಥೌ ಅಂತ ಇದೆ, ಅದೇ ಇಟ್ಟೆ. ಓಡ್ತು, ಐಡ್ಲಿಂಗ್ ಚೆನ್ನಾಗಿತ್ತು, ಆದ್ರೆ ಎರಡನೇ ಗೇರಲ್ಲಿ ಪೂರ್ತಿ ಎಳೆದ್ರೆ ಮೇಲೆ ಹೋಗಿ ಮುಗ್ಗರಿಸೋದು. ಪಕ್ಕದ ತೋಟದ ಹಿರಿಯರೊಬ್ರು ಇದಾರೆ, ಒಂದು ಕಾಲದಲ್ಲಿ ಅಂಬಾಸಿಡರ್ ಇಟ್ಟಿದ್ದೋರು, ಬಂದು ಇಣುಕಿ ನೋಡಿ, ಇದು ಲೂಕಾಸ್ ಡೆಲ್ಕೋ ಅಲ್ವೇನೋ, ಇದಕ್ಕೆ ಹದಿನೈದು ಕಣೋ, ಇಪ್ಪತ್ತಲ್ಲ ಅಂದ್ರು. ಮ್ಯಾನುಯಲ್ಲಿನ 20 ಅಮೆರಿಕದ ಆಟೋಲೈಟ್ ಡೆಲ್ಕೋ ಲೆಕ್ಕ, ನಂದರಲ್ಲಿ ಕೂತಿರೋದು ಬೇರೆ. ಲೂಕಾಸ್ ಅಂತ ಕಂಪನಿ ಹೆಸರು ಡೆಲ್ಕೋದ ಬಾಡಿ ಮೇಲೇ ಅಚ್ಚಾಗಿದೆ, ಗ್ರೀಸ್ ಒರೆಸಿ ನೋಡಿರ್ಲಿಲ್ಲ ಅಷ್ಟೇ. ಗ್ಯಾಪ್ ಜಾಸ್ತಿ ಆದ್ರೆ ಪಾಯಿಂಟ್ ಮುಚ್ಕೊಂಡಿರೋ ಹೊತ್ತು ಕಮ್ಮಿ, ಸ್ಪೀಡಲ್ಲಿ ಕಾಯಿಲ್ ತುಂಬೋಕೇ ಪುರುಸೊತ್ತಿಲ್ಲ.

ಸರಿ 15ಕ್ಕೆ ಇಳಿಸಿದೆ. ಮುಗ್ಗರಿಸೋದು ನಿಂತ್ತು, ಪಿಕಪ್ಪೇ ಹೋಯ್ತು! ಎತ್ತಿನಗಾಡಿ. ಯಾಕಂದ್ರೆ ಗ್ಯಾಪ್ ಕಮ್ಮಿ ಮಾಡಿದ್ರೆ ಪಾಯಿಂಟ್ ತಡವಾಗಿ ತೆರೆಯುತ್ತೆ, ಟೈಮಿಂಗ್, ಅಂದ್ರೆ ಕಿಡಿ ಹಾರೋ ಹೊತ್ತು, ಹಿಂದೆ ಬೀಳುತ್ತೆ. ಗ್ಯಾಪ್ ಮುಟ್ಟಿದ್ರೆ ಟೈಮಿಂಗ್ ಮತ್ತೆ ಇಡ್ಲೇಬೇಕು. ಮೊದ್ಲು ಗ್ಯಾಪ್, ಆಮೇಲೆ ಟೈಮಿಂಗ್, ಇದನ್ನ ಉಲ್ಟಾ ಮಾಡ್ಬೇಡಿ. ಪಾಯಿಂಟಲ್ಲಿ ಕ್ಯಾಮಿಗೆ ತಾಗೋ ಹಿಮ್ಮಡಿಗೆ ಕಡ್ಡಿ ತುದಿಯಷ್ಟು ಗ್ರೀಸ್ ಹಚ್ಚಿದೆ, ಪಾಯಿಂಟಿನ ಮುಖವನ್ನ ವಿಸಿಟಿಂಗ್ ಕಾರ್ಡ್ ಎಳೆದು ಒರೆಸಿದೆ, ಎಮರಿ ಪೇಪರ್ ಅದರ ಹತ್ರನೂ ತರ್ಬೇಡಿ, ಪುಡಿ ಅಲ್ಲೇ ಕೂರುತ್ತೆ.

7. ಅದೇ ದಿನ ಸಂಜೆ: ಹ್ಯಾಂಡಲ್ ಒದ್ದಿದ್ದು

ಬಲ್ಬಲ್ಲಿ ಟೈಮಿಂಗ್ ಇಡೋ ರೀತಿ ಹೀಗೆ. ಒಂದನೇ ಪ್ಲಗ್ ತೆಗೆದು ತೂತಿಗೆ ಪೇಪರ್ ಉಂಡೆ ಒತ್ತಿ, ಹ್ಯಾಂಡಲ್ ನಿಧಾನ ತಿರುಗಿಸಿ, ಉಂಡೆ ಟಪ್ ಅಂತ ಹಾರಿದ್ರೆ ಅದು ಕಂಪ್ರೆಷನ್. ಅಲ್ಲಿಂದ ಪುಲ್ಲಿ ಮೇಲಿನ ಗುರುತು ಟಾಪಿಗಿಂತ (ಪಿಸ್ಟನ್ ಪೂರ್ತಿ ಮೇಲೆ ಬರೋ ಜಾಗ) 5 ಡಿಗ್ರಿ ಮುಂಚೆ ಬರೋ ಹಾಗೆ ನಿಲ್ಲಿಸೋದು. ಗುರುತಿಗೆ ಸೀಮೆಸುಣ್ಣ ಹಚ್ಚಿದ್ರೆ ಕಾಣುತ್ತೆ. ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿರ್ಬೇಕು, ಇಲ್ಲದಿದ್ರೆ ಇನ್ನೊಂದು ಸುತ್ತು. ಡೆಲ್ಕೋ ಕ್ಲ್ಯಾಂಪ್ ಬೋಲ್ಟ್ ಸಡಿಲ ಮಾಡಿ, ಕೀ ಆನ್, ಡೆಲ್ಕೋವನ್ನ ರೋಟರ್ ತಿರುಗೋ ಕಡೆಗೇ ಬಲ್ಬ್ ಆರೋ ತನಕ ತಿರುಗಿಸಿ, ಆಮೇಲೆ ವಾಪಸ್ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸ್ತಾ ಬಲ್ಬ್ ಹತ್ತಿದ ಕ್ಷಣಕ್ಕೆ ನಿಲ್ಲಿಸಿ ಬಿಗಿ ಮಾಡೋದು. ಕೀ ಆನಲ್ಲೇ ಬಿಟ್ಟು ಟೀ ಕುಡಿಯೋಕೆ ಹೋಗ್ಬೇಡಿ, ಕಾಯಿಲ್ ಕೈ ಸುಡುತ್ತೆ.

ಎಲ್ಲ ಮಾಡ್ದೆ, ಬಿಗಿ ಮಾಡೋದೊಂದು ಮರ್ತೆ. ಕ್ಯಾಪಿನ ಕ್ಲಿಪ್ ಒತ್ತುವಾಗ ಡೆಲ್ಕೋ ಸರಿದಿದೆ, ಗೊತ್ತಾಗ್ಲಿಲ್ಲ. ಬೆಳಿಗ್ಗೆಯಿಂದ ಸೆಲ್ಫ್ ಹೊಡೆದು ಹೊಡೆದು ಬ್ಯಾಟ್ರಿ ಇಳಿದಿತ್ತು, ಹ್ಯಾಂಡಲ್ ಹಾಕ್ದೆ. ಟೈಮಿಂಗ್ ವಿಪರೀತ ಮುಂದೆ ಹೋಗಿದ್ರೆ ಎಂಜಿನ್ ಹಿಂದಕ್ಕೆ ಒದೆಯುತ್ತೆ. ಒದೀತು. ಹ್ಯಾಂಡಲ್ ಕೈಯಿಂದ ಕಿತ್ಕೊಂಡು ಮಣಿಕಟ್ಟಿಗೆ ಬಡಿದು ಮೂರು ದಿನ ಬಾತ್ಕೊಂಡಿತ್ತು, ಮೂಳೆಗೆ ಏನೂ ಆಗ್ಲಿಲ್ಲ. ಹೆಬ್ಬೆರಳನ್ನ ಹಿಡಿ ಸುತ್ತ ಮಡಚ್ಬಾರ್ದು, ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇರ್ಬೇಕು, ಮೇಲಕ್ಕೆ ಎಳೀಬೇಕು ಕೆಳಕ್ಕೆ ಒತ್ತಬಾರ್ದು ಅಂತ ಅಪ್ಪ ಚಿಕ್ಕಂದಿನಲ್ಲಿ ಕೈ ಹಿಡಿದು ಕಲಿಸಿದ್ರು, ಹೆಬ್ಬೆರಳು ಉಳಿದಿದ್ದು ಅದ್ರಿಂದ.

8. ಜೂನ್ 28, ಶನಿವಾರ: ಟೈಮಿಂಗ್ ಲೈಟು

ಕೈ ಸರಿ ಆಗೋ ಹೊತ್ತಿಗೆ ಆನ್‌ಲೈನಲ್ಲಿ ತರಿಸಿದ್ದ ಟೈಮಿಂಗ್ ಲೈಟ್, ಎಂಜಿನ್ ಓಡ್ತಿದ್ದಾಗ್ಲೇ ಪುಲ್ಲಿ ಗುರುತು ತೋರಿಸೋದು, ಬಂತು, 1,150 ರೂಪಾಯಿ. ಬಲ್ಬಲ್ಲಿ ಮತ್ತೆ ಇಟ್ಟು, ಈ ಸಲ ಬೋಲ್ಟ್ ಬಿಗಿದು, ಬ್ಯಾಟ್ರಿ ಚಾರ್ಜ್ ಮಾಡಿ ಸ್ಟಾರ್ಟ್ ಮಾಡ್ದೆ. ಐಡ್ಲಿಂಗ್ 600ರ ಹತ್ರ ಇಟ್ಟು ಲೈಟ್ ಬಿಟ್ರೆ ಗುರುತು 5 ಡಿಗ್ರಿಯಲ್ಲೇ ನಿಂತಿದೆ, ಬಲ್ಬಿನ ಲೆಕ್ಕ ಅಷ್ಟು ಕರೆಕ್ಟ್ ಇರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಆದ್ರೆ ಆಕ್ಸಿಲರೇಟರ್ ಕೊಟ್ರೆ ಗುರುತು ಮುಂದೆ ಸರೀಬೇಕು, ಸರೀತಾನೇ ಇಲ್ಲ. ಸ್ಪೀಡ್ ಏರಿದ ಹಾಗೆ ಟೈಮಿಂಗನ್ನ ಮುಂದೆ ತರೋ, ಪಾಯಿಂಟ್ ತಟ್ಟೆ ಕೆಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಂಟ್ಕೊಂಡಿದ್ವು. ತಟ್ಟೆ ಬಿಚ್ಚಿ, ಡೀಸೆಲಲ್ಲಿ ತೊಳೆದು, ಹೊಲಿಗೆ ಮೆಷಿನ್ ಎಣ್ಣೆ ಎರಡೆರಡು ಹನಿ ಬಿಟ್ಟು ಕೈಯಲ್ಲಿ ಆಡಿಸಿ ಆಡಿಸಿ ಬಿಡಿಸಿದೆ. ಪಾಯಿಂಟ್ ಬಿಚ್ಚಿದ್ಮೇಲೆ ಗ್ಯಾಪ್ ಮತ್ತೆ, ಟೈಮಿಂಗ್ ಮತ್ತೆ. ಈಗ ಗುರುತು ಸರಾಗ ಮುಂದೆ ಹೋಗಿ ವಾಪಸ್ ಬರುತ್ತೆ. ಪಿಕಪ್ಪಿನ ಅರ್ಧ ಕಥೆ ಇದೇ ಆಗಿತ್ತು ಅನ್ಸುತ್ತೆ, ಎಷ್ಟು ವರ್ಷದಿಂದ ಅಂಟ್ಕೊಂಡಿತ್ತೋ.

ಆಸೆಗೆ 7 ಡಿಗ್ರಿಗೂ ಇಟ್ಟು ನೋಡಿದೆ. ಸಮದಲ್ಲಿ ಚುರುಕು, ಆದ್ರೆ ಟ್ರೈಲರ್ ಕಟ್ಕೊಂಡು ಏರು ಹತ್ತುವಾಗ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಟಿಣಿ ಟಿಣಿ. ವಾಪಸ್ 5ಕ್ಕೆ ಇಟ್ಟು ಬೋಲ್ಟ್ ಬಿಗಿದೆ, ಎರಡು ಸಲ ಮುಟ್ಟಿ ನೋಡಿದೆ.

ಖರ್ಚಿನ ಲೆಕ್ಕ: ಜೀಪಲ್ಲಿ ಉಳಿದ ಸಾಮಾನು 2,260, ಟೈಮಿಂಗ್ ಲೈಟ್ 1,150, ದಂಡ ಆಗಿದ್ದು ಕಾರ್ಬೊರೇಟರೂ ಕಾರ್ಬನ್ ವೈರೂ ಸೇರಿ 2,180. ಒಟ್ಟು 5,590. ಉಳಿದ ವೈರಿನ ತುಂಡು, ಹಳೇ ಪಾಯಿಂಟು, ಆ ಬಲ್ಬು ಟೂಲ್ ಡಬ್ಬದಲ್ಲಿದೆ.

ಈಗ ಹದಿನಾಲ್ಕು ಚೀಲ ಗೊಬ್ಬರ ಹೇರ್ಕೊಂಡು ಸುರಿಯೋ ಮಳೇಲಿ ಮೂರನೇ ಗೇರಲ್ಲೇ ನಮ್ಮ ಏರು ಹತ್ತುತ್ತೆ. ಬಾಕಿ ಇರೋದು ಒಂದು, ಡೆಲ್ಕೋ ಶಾಫ್ಟಿನ ಬುಷ್ ಸವೆದಿದೆ, ರೋಟರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದ್ರೆ ಟಕ್ ಟಕ್ ಅನ್ನುತ್ತೆ, ಅದಕ್ಕೇ ಗ್ಯಾಪ್ ಒಂದು ಸಿಲಿಂಡರಿಗೆ 14, ಇನ್ನೊಂದಕ್ಕೆ 16 ಬರ್ತಿದೆ. ಲೇತ್ ಅಂಗಡಿಯವ್ರು ಕಂಚಿನ ಬುಷ್ ಮಾಡಿ ಕೊಡ್ತೀನಿ ಅಂದಿದಾರೆ, ಆದ್ರೆ ಡೆಲ್ಕೋ ಒಂದು ವಾರ ಅವ್ರ ಹತ್ರ ಬಿಡ್ಬೇಕಂತೆ. ಗೊಬ್ಬರದ ಕೆಲ್ಸ ಮುಗೀಲಿ, ನೋಡೋಣ.